ಮುರಿದ ಹಲ್ಲಿನ ಋಣ

ಒಬ್ಬನು ಮಾಡಿದ ಕೇಡನ್ನು, ಅದಕ್ಕೆ ಯಾವ ರೀತಿಯಲ್ಲೂ ಹೊಣೆಯಲ್ಲದ ಮತ್ತೊಬ್ಬನು ಸರಿಪಡಿಸಲು ಬರುವುದೇ, ಬರುವುದಾದರೆ ಹಾಗೆ ಸರಿಪಡಿಸಿದ್ದನ್ನು ನ್ಯಾಯವೆನ್ನಬೇಕೋ ದಾನವೆನ್ನಬೇಕೋ ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಈ ಪ್ರಶ್ನೆ ಗ್ರಂಥಗಳ ಪುಟದಿಂದ ಇಳಿದು ಆಸ್ಪತ್ರೆಯ ಕುರ್ಚಿಯ ಮೇಲೆ ಬಂದು ಕೂರುವ ಒಂದು ಸಂದರ್ಭ ಅಮೆರಿಕದಲ್ಲಿದೆ. ಅಲ್ಲಿನ ‘ಅಮೆರಿಕನ್ ಅಕಾಡೆಮಿ ಆಫ್ ಕಾಸ್ಮೆಟಿಕ್ ಡೆಂಟಿಸ್ಟ್ರಿ’ ಎಂಬ ದಂತವೈದ್ಯರ ಸಂಘವು 1999ರಲ್ಲಿ ‘ಗಿವ್ ಬ್ಯಾಕ್ ಎ ಸ್ಮೈಲ್’ ಎಂಬ ಸೇವಾಕಾರ್ಯವನ್ನು ಆರಂಭಿಸಿತು. ಗಂಡನ ಅಥವಾ ಸಂಗಾತಿಯ ಹೊಡೆತಕ್ಕೆ ಮುಂದಿನ ಹಲ್ಲು ಕಳೆದುಕೊಂಡವರಿಗೆ ಸ್ವಯಂಸೇವಕ ದಂತವೈದ್ಯರು ಶುಲ್ಕವಿಲ್ಲದೆ ಹಲ್ಲು ಕಟ್ಟಿಕೊಡುವುದು ಅದರ ಕೆಲಸ, ಮತ್ತು ಮುಂದೆ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರನ್ನೂ ಅದು ತನ್ನ ವ್ಯಾಪ್ತಿಗೆ ತಂದುಕೊಂಡಿತು. ಆ ದೇಶದಲ್ಲಿ ಹಲ್ಲಿನ ವಿಮೆಯು ದೇಹದ ಉಳಿದ ಭಾಗದ ವಿಮೆಯಿಂದ ಬೇರೆಯಾಗಿರುವುದರಿಂದಲೂ, ಬಡವರಿಗಾಗಿ ಇರುವ ‘ಮೆಡಿಕೇಡ್’ ಯೋಜನೆಯಡಿ ವಯಸ್ಕರ ದಂತಚಿಕಿತ್ಸೆಯನ್ನು ಕೊಡುವುದು ಬಿಡುವುದು ಆಯಾ ರಾಜ್ಯದ ಇಚ್ಛೆಗೆ ಸೇರಿದ್ದರಿಂದಲೂ, ಬರಿಗೈಯಲ್ಲಿ ಮನೆ ಬಿಟ್ಟು ಬಂದ ಹೆಣ್ಣಿಗೆ ಮುರಿದ ಹಲ್ಲು ಹಾಗೆಯೇ ಉಳಿದುಬಿಡುವುದು ಸಾಮಾನ್ಯ.

ಹಲ್ಲು ದೇಹದಲ್ಲಿ ಒಂದು ವಿಚಿತ್ರ ಸ್ಥಾನದಲ್ಲಿದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಹರಿದ ಚರ್ಮ ಬೆಸೆಯುತ್ತದೆ. ವಯಸ್ಕರ ಹಲ್ಲು ಮಾತ್ರ ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ತೋಳಿನ ಮೇಲಿನ ಬಾಸುಂಡೆಯನ್ನು ರವಿಕೆಯ ತೋಳು ಮುಚ್ಚೀತು, ಆದರೆ ಬಾಚಿಹಲ್ಲಿನ ಜಾಗದ ಕಂಡಿಯನ್ನು ಮುಚ್ಚಲು ಮಾತನ್ನೇ ನಿಲ್ಲಿಸಬೇಕಾಗುತ್ತದೆ. ಹಲ್ಲು ಹೋದ ಕಡೆ ಅದನ್ನು ಹಿಡಿದಿದ್ದ ದವಡೆಯ ಮೂಳೆ ಕ್ರಮೇಣ ಕರಗುತ್ತದೆ, ಮೇಲ್ದುಟಿ ಒಳಕ್ಕೆ ಸರಿಯುತ್ತದೆ, ಮೇಲಿನ ಬಾಚಿಹಲ್ಲು ಕೆಳದುಟಿಗೆ ತಾಗಿ ಹೊರಡಬೇಕಾದ ಇಂಗ್ಲಿಷಿನ ಎಫ್ ಮತ್ತು ವಿ ಧ್ವನಿಗಳು ಬರಿಯ ಗಾಳಿಯಾಗಿ ಸೋರುತ್ತವೆ. ನಗು ಬಂದೊಡನೆ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಬೆಳೆಯುತ್ತದೆ. ಹೊಸ ಹಲ್ಲು ಬಂದ ಮೇಲೂ ಆ ಕೈ ಎಷ್ಟೋ ಕಾಲ ತಾನಾಗಿಯೇ ಮೇಲೇಳುತ್ತಿರುತ್ತದೆ. ದುರಸ್ತಿಯೂ ಒಂದು ದಿನದ ಕೆಲಸವಲ್ಲ. ಅಕ್ಕಪಕ್ಕದ ಹಲ್ಲುಗಳನ್ನು ತೇದು ಅವುಗಳ ಆಧಾರದಲ್ಲಿ ನಡುವಣ ಖಾಲಿ ಜಾಗವನ್ನು ತುಂಬುವ ಬ್ರಿಡ್ಜ್ ಒಂದು ವಿಧಾನ. ದವಡೆಯ ಮೂಳೆಗೆ ಟೈಟಾನಿಯಂ ತಿರುಪನ್ನು ಕೂರಿಸಿ, ಮೂಳೆ ಅದನ್ನು ತನ್ನದೆಂದು ಹಿಡಿದುಕೊಳ್ಳುವವರೆಗೆ ತಿಂಗಳುಗಟ್ಟಲೆ ಕಾದು, ಆಮೇಲೆ ಅದರ ಮೇಲೆ ಹಲ್ಲು ಕೂರಿಸುವ ಇಂಪ್ಲಾಂಟ್ ಇನ್ನೊಂದು. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ಬಾಯಲ್ಲಿ ಈ ಎರಡನೆಯದನ್ನು ಮಾಡಿದರು. ಹಲ್ಲಿನ ಬಣ್ಣವನ್ನು ಪಕ್ಕದ ಹಲ್ಲಿಗೆ ಹೊಂದಿಸುವ ಪ್ರಯೋಗಾಲಯದ ತಂತ್ರಜ್ಞರೂ ‘ಗಿವ್ ಬ್ಯಾಕ್ ಎ ಸ್ಮೈಲ್’ ಸೇವೆಯಲ್ಲಿ ತಮ್ಮ ದುಡಿಮೆಯನ್ನು ಉಚಿತವಾಗಿ ಕೊಡುತ್ತಾರೆ.

ಮನುಷ್ಯನ ಅತಿ ಹಳೆಯ ಶಾಸನಗಳು ಹಲ್ಲಿನ ವಿಷಯದಲ್ಲಿ ಬೆರಗಾಗುವಷ್ಟು ಖಚಿತವಾಗಿವೆ. ಕ್ರಿ.ಪೂ. 18ನೆಯ ಶತಮಾನದ ಹಮ್ಮುರಾಬಿಯ ಶಾಸನದ 200ನೆಯ ನಿಯಮವು ಸಮಾನ ಅಂತಸ್ತಿನವನ ಹಲ್ಲು ಉದುರಿಸಿದವನ ಹಲ್ಲನ್ನೇ ಉದುರಿಸಬೇಕೆನ್ನುತ್ತದೆ. ಮರುನಿಯಮದಲ್ಲಿ, ಕೆಳ ಅಂತಸ್ತಿನವನ ಹಲ್ಲಾದರೆ ಒಂದು ಮಿನಾ ತೂಕದ ಬೆಳ್ಳಿಯ ಮೂರನೆಯ ಒಂದು ಭಾಗ ಕೊಟ್ಟರೆ ಸಾಕು. ಹೀಬ್ರೂ ಬೈಬಲಿನ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಲ್ಲಿಗೆ ಹಲ್ಲೆಂಬ ಅದೇ ಸಮಪ್ರತೀಕಾರದ ನಿಯಮವಿದೆ. ಭಾರತದಲ್ಲಿಯೂ 1860ರ ದಂಡಸಂಹಿತೆಯ 320ನೆಯ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮು, ಹಲ್ಲು ಮುರಿಯುವುದನ್ನು ಮೂಳೆ ಮುರಿಯುವುದರ ಸಾಲಿನಲ್ಲೇ ಇಟ್ಟು ‘ಘೋರ ಗಾಯ’ವೆಂದು ಎಣಿಸುತ್ತದೆ. ಯೆಹೂದಿ ಪರಂಪರೆಯಲ್ಲಿ ಈ ವಿಚಾರ ಇನ್ನಷ್ಟು ಸೂಕ್ಷ್ಮವಾಯಿತು. ಮೌಖಿಕ ಧರ್ಮಶಾಸ್ತ್ರದ ಮೊದಲ ಸಂಗ್ರಹವಾದ ಮಿಶ್ನಾ ಮತ್ತು ಅದರ ಮೇಲಿನ ಚರ್ಚೆಯಾದ ತಾಲ್ಮುದ್ ಹಲ್ಲಿಗೆ ಹಲ್ಲೆಂಬುದನ್ನು ಹಣದ ಪರಿಹಾರವೆಂದು ಅರ್ಥೈಸಿ, ಗಾಯ ಮಾಡಿದವನ ಮೇಲೆ ಐದು ಬಗೆಯ ಹೊಣೆಯನ್ನು ಹೊರಿಸಿದವು: ಅಂಗಕ್ಕಾದ ನಷ್ಟ, ಉಂಡ ನೋವು, ಚಿಕಿತ್ಸೆಯ ವೆಚ್ಚ, ಕೆಲಸ ತಪ್ಪಿದ ದಿನಗಳ ಗಳಿಕೆ, ಮತ್ತು ಕೊನೆಯದಾಗಿ ಅವಮಾನ. 2005ರ ಭಾರತದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕಳೆದುಹೋದ ಗಳಿಕೆ, ವೈದ್ಯಕೀಯ ವೆಚ್ಚ, ಮಾನಸಿಕ ಹಿಂಸೆ ಇವುಗಳಿಗೆ ಬೇರೆ ಬೇರೆಯಾಗಿ ಪರಿಹಾರ ಹೇಳುವಾಗ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಹೆಚ್ಚುಕಡಿಮೆ ಇದೇ ಪಟ್ಟಿಯನ್ನು ಹಿಡಿದಂತಿದೆ.

ಸ್ವಯಂಸೇವಕ ದಂತವೈದ್ಯನ ಕೆಲಸವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಅದರ ಎಲ್ಲೆ ಕಾಣುತ್ತದೆ. ಆತ ಚಿಕಿತ್ಸೆಯ ವೆಚ್ಚವನ್ನು ಪೂರ್ತಿಯಾಗಿಯೂ ಅವಮಾನವನ್ನು ಭಾಗಶಃ ಮಾತ್ರವೂ ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ; ಉಳಿದ ಬಾಬುಗಳು ಹೊಡೆದವನ ಲೆಕ್ಕದಲ್ಲೇ ಇರುತ್ತವೆ, ಮತ್ತು ಬಹುಪಾಲು ಸಲ ತೀರದೆಯೇ ಇರುತ್ತವೆ. ಅಮೆರಿಕದಲ್ಲಿ 1984ರ ಕಾಯ್ದೆಯೊಂದರ ಪ್ರಕಾರ ಕೇಂದ್ರ ನ್ಯಾಯಾಲಯಗಳಲ್ಲಿ ಅಪರಾಧಿಗಳು ಕಟ್ಟುವ ದಂಡದ ಹಣ ಒಂದು ನಿಧಿಗೆ ಸೇರಿ, ರಾಜ್ಯಗಳ ಮೂಲಕ ಅಪರಾಧಕ್ಕೆ ತುತ್ತಾದವರಿಗೆ ಪರಿಹಾರವಾಗಿ ಹೋಗುತ್ತದೆ. ಹೊಡೆದವನೇ ಅಲ್ಲದಿದ್ದರೂ ಅಪರಾಧಿಗಳ ವರ್ಗ ತೆರುತ್ತದೆಯೆಂಬ ಈ ಏರ್ಪಾಡಿನಲ್ಲಿ ಒಂದು ಒರಟು ನ್ಯಾಯವಿದೆ. ಆದರೆ ಪರಿಹಾರ ಬೇಡುವವರು ಪೊಲೀಸರೊಂದಿಗೆ ಸಹಕರಿಸಿರಬೇಕೆಂದು ಸಾಮಾನ್ಯವಾಗಿ ಕೇಳಲಾಗುವುದರಿಂದ, ಹೆದರಿ ದೂರು ಕೊಡದೆ ಓಡಿಬಂದವಳ ಪಾಲಿಗೆ ಅದು ಮುಚ್ಚಿದ ಬಾಗಿಲು. ಹೀಗೆ ಋಣ ತೀರಿಸಬೇಕಾದವನೂ ತೀರಿಸದೆ, ತೀರಿಸಿಕೊಡಬೇಕಾದ ರಾಜ್ಯವೂ ತೀರಿಸಿಕೊಡದೆ ಹೋದಾಗ ಮೂರನೆಯವನು ಬರುತ್ತಾನೆ. ಅವನು ಸಾಲಗಾರನಲ್ಲ, ಜಾಮೀನುದಾರನೂ ಅಲ್ಲ. ಆದ್ದರಿಂದ ಅವನು ಕೊಟ್ಟದ್ದರಿಂದ ಮೂಲ ಸಾಲ ತೀರಿತೆಂದು ಎಣಿಸುವುದು ತಪ್ಪು ಲೆಕ್ಕ.

ವಿಮೋಚನಕಾಂಡದ ಅದೇ ಅಧ್ಯಾಯದಲ್ಲಿ, ಸಮಪ್ರತೀಕಾರದ ನಿಯಮ ಮುಗಿದ ಬೆನ್ನಿಗೇ, ಈ ಚರ್ಚೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಮಾತೊಂದಿದೆ. ಮನೆಯ ಯಜಮಾನನು ತನ್ನ ದಾಸನ ಅಥವಾ ದಾಸಿಯ ಹಲ್ಲನ್ನು ಹೊಡೆದು ಉದುರಿಸಿದರೆ, ಆ ಹಲ್ಲಿಗಾಗಿ ಅವರನ್ನು ಬಿಡುಗಡೆ ಮಾಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಮನುಷ್ಯರನ್ನು ದಾಸರನ್ನಾಗಿ ಇಟ್ಟುಕೊಳ್ಳುವುದನ್ನು ಸಹಜವೆಂದು ಒಪ್ಪುವ ಅಧ್ಯಾಯದಲ್ಲೇ ಇದು ಬರುತ್ತದೆಂಬುದನ್ನು ಮರೆಯಬಾರದು. ಮರೆಯದೆಯೂ ಇದರ ತರ್ಕವನ್ನು ಗಮನಿಸಬಹುದು. ಇಲ್ಲಿ ಹಲ್ಲಿಗೆ ಬದಲು ಯಜಮಾನನ ಹಲ್ಲಲ್ಲ, ಬೆಳ್ಳಿಯೂ ಅಲ್ಲ, ಆ ಮನೆಯಿಂದ ಹೊರಕ್ಕೆ ಹೋಗುವ ಹಕ್ಕು. ಒಂದೇ ಸೂರಿನಡಿ ಒಬ್ಬನು ಇನ್ನೊಬ್ಬಳ ಮುಖದ ಮೇಲೆ ಕೈಮಾಡಿದ ಮೇಲೆ ಆ ಸೂರಿನ ಸಂಬಂಧವೇ ಮುರಿದುಬಿತ್ತೆಂದು ಶಾಸ್ತ್ರ ಭಾವಿಸಿದಂತಿದೆ. ತಾಲ್ಮುದಿನ ಪಂಡಿತರು ಇದನ್ನು ಬೆಳೆಸಿ, ಮತ್ತೆ ಬೆಳೆಯದ ಇಪ್ಪತ್ತನಾಲ್ಕು ಅಂಗತುದಿಗಳಿಗೆ ವಿಸ್ತರಿಸಿದರು. ಹಾಲುಹಲ್ಲು ಮರಳಿ ಹುಟ್ಟುವುದರಿಂದ ಅದು ಲೆಕ್ಕಕ್ಕಿಲ್ಲವೆಂದರು. ಅವರು ಎತ್ತಿದ ಒಂದು ಕುತೂಹಲದ ಸಂದರ್ಭದಲ್ಲಿ ಯಜಮಾನನೇ ವೈದ್ಯ: ಹಲ್ಲು ಕೊರೆದು ಸರಿಮಾಡೆಂದು ದಾಸನೇ ಕೇಳಿ, ವೈದ್ಯನ ಕೈ ತಪ್ಪಿ ಹಲ್ಲು ಬಿದ್ದುಹೋದರೆ, ದಾಸನು ಯಜಮಾನನನ್ನು ನೋಡಿ ನಕ್ಕು ಹೊರಟುಬಿಡಬಹುದೆಂಬುದು ಒಂದು ಮತ, ಕೆಡಿಸುವ ಉದ್ದೇಶವಿಲ್ಲದೆ ಬಿಡುಗಡೆಯಿಲ್ಲವೆಂಬುದು ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲನ ಮತ.

ಅಮೆರಿಕದ ಸೇವಾಕಾರ್ಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಹಲ್ಲಿನ ಕಾರಣದಿಂದ ಬಿಡುಗಡೆಯಲ್ಲ, ಬಿಡುಗಡೆಯ ಕಾರಣದಿಂದ ಹಲ್ಲು: ಅರ್ಜಿ ಹಾಕುವವಳು ಹಿಂಸೆಯ ಸಂಬಂಧದಿಂದ ಹೊರಬಂದು ಕನಿಷ್ಠ ಒಂದು ವರ್ಷವಾಗಿರಬೇಕೆಂಬ ನಿಯಮವನ್ನು ಅದು ಇಟ್ಟುಕೊಂಡಿತು. ಇದರ ಹಿಂದಿನ ವಿವೇಕ ಸ್ಪಷ್ಟ; ಮರಳಿ ಅದೇ ಮನೆಗೆ ಹೋದರೆ ತಿಂಗಳುಗಳ ಶ್ರಮ ಒಂದು ಏಟಿಗೆ ಹಾಳಾದೀತು, ಹೊಸ ಹಲ್ಲೇ ಹೊಸ ಜಗಳಕ್ಕೆ ನೆಪವಾದೀತು. ಆದರೂ ಈ ನಿಯಮದಲ್ಲಿ ಯೋಗ್ಯತೆಯ ಪರೀಕ್ಷೆಯ ನೆರಳು ಬಿದ್ದಿದೆ. ಮಕ್ಕಳಿಗಾಗಿಯೋ ಹಣವಿಲ್ಲದೆಯೋ ಇನ್ನೂ ಅಲ್ಲೇ ಉಳಿದವಳ ಹಲ್ಲು ಅಷ್ಟೇ ಮುರಿದಿರುತ್ತದೆ, ಮತ್ತು ಬಾಯಿ ತೆರೆದು ಕೆಲಸ ಕೇಳಲಾಗದ ಸ್ಥಿತಿಯೇ ಅವಳನ್ನು ಆ ಮನೆಗೆ ಕಟ್ಟಿಹಾಕಿರಲೂಬಹುದು. ಇನ್ನು, ನಕ್ಕಾಗ ಕಾಣುವ ಹಲ್ಲುಗಳಿಗಷ್ಟೇ ಚಿಕಿತ್ಸೆಯೆಂಬ ಮಿತಿಯೂ ವಿಚಾರಯೋಗ್ಯ, ಏಕೆಂದರೆ ಅನ್ನ ಅಗಿಯುವುದು ದವಡೆಹಲ್ಲು.

ಧಾರ್ಮಿಕ ನೆನಪು ಇಂಥ ಗಾಯವನ್ನು ಹೇಗೆ ಬದಲಿಸಿಬಿಡುತ್ತದೆಂಬುದಕ್ಕೆ ಸಂತ ಅಪೊಲೋನಿಯಾಳ ಕಥೆಯೇ ಸಾಕ್ಷಿ. ಕ್ರಿ.ಶ. 249ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕ್ರೈಸ್ತರ ಮೇಲೆ ಎರಗಿದ ಗುಂಪು ಈ ವೃದ್ಧ ಕನ್ಯೆಯನ್ನು ಹಿಡಿದು, ಹೊಡೆತಗಳಿಂದ ಅವಳ ಹಲ್ಲುಗಳನ್ನೆಲ್ಲ ಉದುರಿಸಿತೆಂದು ಅಲ್ಲಿನ ಬಿಷಪ್ ಡಯೊನೀಸಿಯಸ್ ಬರೆದ ಪತ್ರವನ್ನು ಚರಿತ್ರಕಾರ ಯೂಸೀಬಿಯಸ್ ಉಳಿಸಿಕೊಟ್ಟಿದ್ದಾನೆ. ಮಧ್ಯಯುಗದ ಯೂರೋಪು ಅವಳನ್ನು ಹಲ್ಲುನೋವಿನವರ ಮತ್ತು ದಂತವೈದ್ಯರ ಸಂತಳನ್ನಾಗಿ ಮಾಡಿಕೊಂಡಿತು. ಚಿತ್ರಕಾರರು ಅವಳ ಕೈಗೆ ಇಕ್ಕಳವನ್ನೂ ಅದರ ತುದಿಗೆ ಒಂದು ಹಲ್ಲನ್ನೂ ಕೊಟ್ಟರು. ಪತ್ರದಲ್ಲಿ ಇಕ್ಕಳವಿಲ್ಲ, ಇರುವುದು ಹೊಡೆತ. ಭಕ್ತಿಯು ಹಲ್ಲನ್ನು ನೆನಪಿಟ್ಟು ಮುಷ್ಟಿಯನ್ನು ಮರೆತಿತು. ಹಿಂಸೆ ಹಿಂದೆ ಸರಿದು ಚಿಕಿತ್ಸೆಯ ಸಲಕರಣೆ ಮುಂದೆ ಬಂದು ನಿಂತಿತು. ಚಿಕಿತ್ಸೆಗೆ ಮೊದಲಿನ ಮತ್ತು ಅನಂತರದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಇಂದಿನ ರೂಢಿಯಲ್ಲಿಯೂ ಇದೇ ಅಪಾಯವಿದೆ. ಮೊದಲ ಚಿತ್ರದಲ್ಲಿ ಕಾಣುವುದು ಕೆಟ್ಟ ಹಲ್ಲೇ ಹೊರತು ಕೆಡಿಸಿದ ಕೈಯಲ್ಲ.

ಕೊಡುವುದರ ತತ್ತ್ವವನ್ನು ವಿಚಾರಿಸಿದವರು ಸಾಮಾನ್ಯವಾಗಿ ಕೊಡುವವನ ಮನಸ್ಸಿನ ಮೇಲೆಯೇ ಕಣ್ಣಿಟ್ಟಿದ್ದಾರೆ. ಗೀತೆಯ 17ನೆಯ ಅಧ್ಯಾಯವು ಪ್ರತ್ಯುಪಕಾರದ ನಿರೀಕ್ಷೆಯಿಲ್ಲದೆ, ತಕ್ಕ ದೇಶಕಾಲದಲ್ಲಿ, ಪಾತ್ರರಿಗೆ ಕೊಟ್ಟದ್ದನ್ನು ಸಾತ್ತ್ವಿಕ ದಾನವೆನ್ನುತ್ತದೆ. ಹನ್ನೆರಡನೆಯ ಶತಮಾನದ ಯೆಹೂದಿ ದಾರ್ಶನಿಕ ಮೈಮೋನಿಡೀಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿ, ಪಡೆಯುವವನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವುದನ್ನು ತುತ್ತತುದಿಯಲ್ಲಿಟ್ಟ. ಕೊಟ್ಟವನಿಗೆ ಪಡೆದವನೂ ಪಡೆದವನಿಗೆ ಕೊಟ್ಟವನೂ ಗೊತ್ತಿಲ್ಲದ ದಾನ ಅದರ ಕೆಳಗಿನದು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ದಾನವೆಂಬುದರಲ್ಲೇ ಅಡಗಿರುವ ಕೊಡುವವನೆಂಬ ಹಮ್ಮನ್ನು ಶಂಕಿಸಿ, ಸಮಾಜದಿಂದ ಬಂದದ್ದನ್ನು ಸಮಾಜಕ್ಕೆ ಸೇವಕಭಾವದಿಂದ ಮರಳಿಸುವ ದಾಸೋಹವನ್ನು ಅದರ ಜಾಗದಲ್ಲಿ ನಿಲ್ಲಿಸಿದರು. ದಂತವೈದ್ಯನಿಗೆ ಮೈಮೋನಿಡೀಸನ ಎರಡನೆಯ ಮೆಟ್ಟಿಲು ದಕ್ಕುವಂತಿಲ್ಲ, ಏಕೆಂದರೆ ಅವನ ಕೊಡುಗೆ ಮರೆಯಲ್ಲಿ ನಿಂತು ಕೊಡುವಂಥದಲ್ಲ. ಅವನ ಬೆರಳುಗಳೇ ಅವಳ ಬಾಯೊಳಗೆ ಇರುತ್ತವೆ. ಹಿಂದೆ ಒಬ್ಬನು ಮೇಲೆರಗಿ ಹೊಡೆದ ಮುಖದ ಮೇಲೆ ಈಗ ಇನ್ನೊಬ್ಬ ಅಪರಿಚಿತನು ಬಾಗುತ್ತಾನೆ, ಅವಳು ಅಂಗಾತ ಮಲಗಿರುತ್ತಾಳೆ, ಬಾಯಲ್ಲಿ ಹತ್ತಿಯುಂಡೆಯಿರುವುದರಿಂದ ಬೇಡವೆನ್ನಲೂ ಬರುವುದಿಲ್ಲ. ಆದ್ದರಿಂದ ಬಲ್ಲ ವೈದ್ಯರು ಕುರ್ಚಿಯನ್ನು ಹಿಂದಕ್ಕೆ ವಾಲಿಸುವ ಮೊದಲು ಕೇಳುತ್ತಾರೆ, ಪ್ರತಿ ಸಲಕರಣೆಯನ್ನೂ ಬಾಯಿಗೆ ಒಯ್ಯುವ ಮುನ್ನ ತೋರಿಸುತ್ತಾರೆ, ಎಡಗೈ ಎತ್ತಿದರೆ ಕೆಲಸ ನಿಲ್ಲುತ್ತದೆಂದು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಾರೆ, ಎತ್ತಿದಾಗ ನಿಜವಾಗಿಯೂ ನಿಲ್ಲಿಸುತ್ತಾರೆ. ದಾಸೋಹದ ಹಮ್ಮಳಿದ ಸ್ಥಿತಿಗೆ ಈ ಕೆಲಸದಲ್ಲಿ ಏನಾದರೂ ರೂಪವಿದ್ದರೆ ಅದು ಈ ನಿಲ್ಲಿಸುವಿಕೆಯಲ್ಲಿದೆಯೇ ಹೊರತು ಬಿಟ್ಟುಕೊಟ್ಟ ಶುಲ್ಕದ ಮೊತ್ತದಲ್ಲಲ್ಲ.

ಹಣ ಕೇಳದ ದಾನಿಯೂ ಒಮ್ಮೊಮ್ಮೆ ನಗುವನ್ನು ಕೇಳುತ್ತಾನೆ. ‘ನಗು ಮರಳಿಸುವುದು’ ಎಂದು ಈ ಸೇವೆಯನ್ನು ಕರೆಯುವಾಗ, ಹಲ್ಲು ಬಂದ ಮೇಲೆ ನಗಬೇಕಾದದ್ದು ಅವಳ ಕರ್ತವ್ಯವೆಂಬ ಸೂಚನೆ ಮೆಲ್ಲನೆ ನುಸುಳುತ್ತದೆ. ಫ್ರಾನ್ಸಿನ ನರವಿಜ್ಞಾನಿ ದ್ಯುಶೆನ್ 1862ರ ತನ್ನ ಗ್ರಂಥದಲ್ಲಿ ತೋರಿಸಿದಂತೆ, ತುಟಿಯಂಚನ್ನು ಎತ್ತುವ ಸ್ನಾಯು ಇಚ್ಛೆಗೆ ಮಣಿಯುತ್ತದೆ, ಆದರೆ ನಿಜವಾದ ಸಂತೋಷದಲ್ಲಿ ಕಣ್ಣಿನ ಸುತ್ತ ಬಿಗಿಯುವ ಸ್ನಾಯು ಅಪ್ಪಣೆ ಕೇಳುವುದಿಲ್ಲ. ವೈದ್ಯನು ಕೊಡಬಲ್ಲದ್ದು ನಗಲು ಅಡ್ಡಿಯಿಲ್ಲದ ಬಾಯಿಯನ್ನು ಮಾತ್ರ. ಆ ಬಾಯಿಂದ ಅವಳು ನಕ್ಕಾಳು, ಬೈದಾಳು, ಸೇಬನ್ನು ಕಚ್ಚಿ ತಿಂದಾಳು, ಸುಮ್ಮನೆ ಇದ್ದಾಳು.

ಕ್ಷಮೆಯ ಮಾತು ಕೂಡ ಇಲ್ಲಿ ಬೇಗನೆ ಬಂದುಬಿಡುತ್ತದೆ. ಗಾಯ ಮಾಯಿತಲ್ಲ, ಇನ್ನು ಮರೆತುಬಿಡಬಹುದಲ್ಲ ಎನ್ನುವವರಿಗೆ ಯಾವ ಸಮಾಜದಲ್ಲೂ ಕೊರತೆಯಿಲ್ಲ. ಕುರ್‌ಆನಿನ 5ನೆಯ ಅಧ್ಯಾಯವು ಹಲ್ಲಿಗೆ ಹಲ್ಲಿನ ನಿಯಮವನ್ನು ನೆನಪಿಸಿ, ಗಾಯಗೊಂಡವನು ತನ್ನ ಹಕ್ಕನ್ನು ಬಿಟ್ಟುಕೊಟ್ಟರೆ ಅದು ಅವನ ಪಾಪಗಳಿಗೆ ಪ್ರಾಯಶ್ಚಿತ್ತವಾಗುತ್ತದೆಂದು ಹೇಳುವಾಗ, ಬಿಟ್ಟುಕೊಡುವ ಅಧಿಕಾರವನ್ನು ಗಾಯಗೊಂಡವನ ಕೈಯಲ್ಲೇ ಇಡುತ್ತದೆ. ಹಲ್ಲು ಕಟ್ಟಿದ ವೈದ್ಯನಿಗಾಗಲಿ ಅವನ ಸಂಘಕ್ಕಾಗಲಿ ಅವಳ ಪರವಾಗಿ ಕ್ಷಮಿಸುವ ಹಕ್ಕಿಲ್ಲ. ಅಲ್ಲದೆ ದುರಸ್ತಿಯಲ್ಲಿ ಒಂದು ತೊಡಕಿದೆ: ಮುರಿದ ಹಲ್ಲನ್ನು ಸರಿಪಡಿಸಿದೊಡನೆ, ಅದು ಮುರಿದಿತ್ತೆಂಬುದಕ್ಕೆ ಅವಳ ಮುಖದಲ್ಲಿದ್ದ ಪುರಾವೆಯೂ ಅಳಿಸಿಹೋಗುತ್ತದೆ. ಹಾಗಾಗಿ ಕೊರೆಯುವ ಯಂತ್ರವನ್ನು ಕೈಗೆತ್ತಿಕೊಳ್ಳುವ ಮುನ್ನ ಎಕ್ಸ್-ರೇ ತೆಗೆದು, ಯಾವ ಹಲ್ಲು ಎಲ್ಲಿ ಮುರಿದಿದೆಯೆಂದು ಗುರುತಿಸಿ, ಹೇಗಾಯಿತೆಂದು ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ದಿನಾಂಕದೊಡನೆ ಬರೆದು, ಛಾಯಾಚಿತ್ರಗಳನ್ನು ಪ್ರಚಾರಕ್ಕಲ್ಲದೆ ಕಡತಕ್ಕಾಗಿ ತೆಗೆದಿಡುವುದು ಚಿಕಿತ್ಸೆಯಷ್ಟೇ ಮುಖ್ಯವಾದ ಕೆಲಸವಾಗುತ್ತದೆ. ಆ ಕಡತವನ್ನು ನ್ಯಾಯಾಲಯಕ್ಕೆ ಒಯ್ಯಬೇಕೋ, ಪೆಟ್ಟಿಗೆಯಲ್ಲಿಡಬೇಕೋ, ಸುಟ್ಟುಹಾಕಬೇಕೋ ಎಂಬುದನ್ನು ಅವಳು ಯಾವಾಗ ಬೇಕಾದರೂ ತೀರ್ಮಾನಿಸಬಹುದು.