ದೂರದೇಶದ ವಿದ್ಯೆ, ಮನೆಯ ಋಣ

ಕೃಷ್ಣೆ ತುಂಗಭದ್ರೆಯರ ನಡುವಣ ನಡಿಗಡ್ಡೆಯಲ್ಲಿ ಬಾಳುವ ನಾವು ಪರಸ್ಥಳವೆಂದರೆ ಬೆಚ್ಚುವವರಲ್ಲ. 1956ರ ನವೆಂಬರ್ 1ರಂದು ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಮಹಬೂಬನಗರ ಜಿಲ್ಲೆಯನ್ನು ಸೇರಿದಾಗ, ಐಜದ ಹಿರಿಯರು ತಮ್ಮ ಮನೆಯ ಹೊಸ್ತಿಲನ್ನು ದಾಟದೆಯೇ ರಾಯಚೂರಿನ ಬೀಗರಿಗೆ ಪರರಾಜ್ಯದವರಾದರು. ಇಲ್ಲಿನ ಎಷ್ಟೋ ಕನ್ನಡ ಮನೆಗಳ ಮಕ್ಕಳಿಗೆ ಮೊದಲನೆಯ ವಿದೇಶವು ಶಾಲೆಯೇ ಆಗಿದೆ: ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತೆಲುಗು, ಮೇಲಣ ವಿದ್ಯೆಗೆ ಇಂಗ್ಲಿಷು. ಇಂಥ ಮಕ್ಕಳಿಗೂ ಇಂದು ಸಮುದ್ರದಾಚೆಯ ವಿಶ್ವವಿದ್ಯಾನಿಲಯವು ಎಟುಕುವ ದೂರಕ್ಕೆ ಬಂದಿದೆ.

ಹಿಂದೆ ಹೀಗಿರಲಿಲ್ಲ. 1895ರಲ್ಲಿ ನಿಜಾಮ ಸರಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದ ಸರೋಜಿನಿಯವರು ಹೈದರಾಬಾದಿನ ಸುಶಿಕ್ಷಿತ ಮನೆತನದವರು. ಈಗಲಾದರೋ ತೆಲಂಗಾಣ ಸರಕಾರವು ಪರಿಶಿಷ್ಟ, ಹಿಂದುಳಿದ ಹಾಗೂ ಅಲ್ಪಸಂಖ್ಯಾತ ವರ್ಗಗಳ ಬಡ ವಿದ್ಯಾರ್ಥಿಗಳಿಗೆ ವಿದೇಶ ವ್ಯಾಸಂಗಕ್ಕಾಗಿ 20 ಲಕ್ಷ ರೂಪಾಯಿಗಳವರೆಗೆ ನೆರವು ನೀಡುತ್ತಿದೆ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಮೂರು ಲಕ್ಷ ಮೂವತ್ತು ಸಾವಿರವನ್ನು ಮೀರಿತ್ತು. ಬಾಗಿಲು ಅಗಲವಾಗಿರುವುದು ಸಂತೋಷದ ಸಂಗತಿ. ಆದರೆ ಆ ಬಾಗಿಲಿನ ಬಳಿ ಹಳೆಯ ಪ್ರಶ್ನೆಯೊಂದು ಕಾದು ನಿಂತಿದೆ: ಪರರ ಹಣದಿಂದ ದೂರದೇಶದಲ್ಲಿ ಕಲಿತವನು ಯಾರಿಗೆ ಋಣಿ, ಆ ಋಣವನ್ನು ಹೇಗೆ ತೀರಿಸಬೇಕು?

ಹಿಂದಿರುಗಿ ಬಂದು ನಾಡಿನ ಸೇವೆ ಮಾಡಬೇಕೆಂಬುದು ಸಾಮಾನ್ಯವಾದ ಉತ್ತರ. ಅದರಲ್ಲಿ ನ್ಯಾಯವಿದೆ, ಆದರೆ ಪೂರ್ಣ ನ್ಯಾಯವಿಲ್ಲ. 1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ತರುಣ ಅಂಬೇಡಕರರಿಗೆ ತಿಂಗಳಿಗೆ 11½ ಪೌಂಡುಗಳಂತೆ ಮೂರು ವರ್ಷಗಳ ವೇತನವನ್ನಿತ್ತು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಮರಳಿದ ಮೇಲೆ ಹತ್ತು ವರ್ಷ ಆ ಸಂಸ್ಥಾನದಲ್ಲಿ ದುಡಿಯಬೇಕೆಂಬುದು ಕರಾರು. 1917ರಲ್ಲಿ ಅವರು ಮಾತಿನಂತೆ ಬಂದರು. ಆದರೆ ಅಸ್ಪೃಶ್ಯರೆಂಬ ಕಾರಣಕ್ಕೆ ಆ ಪಟ್ಟಣದಲ್ಲಿ ಅವರಿಗೆ ತಂಗಲು ಒಂದು ಕೋಣೆ ದೊರೆಯಲಿಲ್ಲ. ಪಾರಸಿಗಳ ವಸತಿಗೃಹದಿಂದಲೂ ಹೊರಹಾಕಲ್ಪಟ್ಟು, ಬರೋಡೆಯನ್ನೇ ಬಿಡಬೇಕಾಯಿತು. ಇಲ್ಲಿ ಸಾಲಗಾರನು ಸಾಲ ತೀರಿಸಲು ಬಂದಿದ್ದನು; ವಸೂಲು ಮಾಡಬೇಕಾದ ಸಮಾಜವೇ ಬಾಗಿಲು ಮುಚ್ಚಿತು. ಮರಳಿ ಬಾ ಎಂದು ಕರೆಯುವ ನಾಡಿಗೆ, ಬಂದವನಿಗೆ ನಿಲ್ಲಲು ನೆಲೆ ಕೊಡುವ ಹೊಣೆಯೂ ಉಂಟೆಂಬುದು ಇದರಿಂದ ಸ್ಪಷ್ಟ.

ನಮ್ಮ ಪಾಲಮೂರು ಸೀಮೆಯಿಂದ ಕೂಲಿಯ ಜನರು ಸಲಿಕೆ ಬುಟ್ಟಿಗಳೊಡನೆ ಎಷ್ಟು ತಲೆಮಾರುಗಳಿಂದ ದೇಶಾಂತರ ಹೋಗಿಲ್ಲ! ಅನ್ಯರ ಅಣೆಕಟ್ಟು, ಅನ್ಯರ ರಸ್ತೆಗಳಿಗೆ ಅವರ ಬೆವರು ಸಂದಿತು. ಅವರು ಹೊರಟಾಗ ನಾಡಿನ ಋಣವನ್ನು ನೆನಪಿಸಿದವರಿಲ್ಲ. ಕೂಲಿಕಾರನ ಮಗನು ಪದವೀಧರನಾಗಿ ಹೊರಟಾಗ ಮಾತ್ರ ನಾವು ಧರ್ಮೋಪದೇಶಕ್ಕೆ ತೊಡಗುವುದಾದರೆ, ಅದರಲ್ಲಿ ಧರ್ಮಕ್ಕಿಂತ ಅಸೂಯೆಯ ಅಂಶವೇ ಹೆಚ್ಚಲ್ಲವೇ?

ಹಾಗಾದರೆ ಹೋದವನು ಋಣಮುಕ್ತನೇ? ಅದೂ ಅಲ್ಲ. ಎರಡೆಕರೆ ಹತ್ತಿಯ ಹೊಲವುಳ್ಳ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮಗನ ಪ್ರಯಾಣಕ್ಕೆ ಒಂದೆಕರೆ ಮಾರಾಟವಾಗಿ, ಇನ್ನೊಂದು ಅಡವಾಗುತ್ತದೆ. ಮಗಳೂ ಓದಿನಲ್ಲಿ ಚುರುಕಾದವಳೇ. ಆದರೆ 'ಅಣ್ಣ ಒಂದು ದಡ ಸೇರಲಿ, ಆಮೇಲೆ ನೋಡೋಣ' ಎಂದು ಹೆತ್ತವರು ಹೇಳುತ್ತಾರೆ. ಆ 'ಆಮೇಲೆ' ಬರುವುದರೊಳಗೆ ಆಕೆಯ ಮದುವೆಯ ಮಾತು ಬಂದಿರುತ್ತದೆ. ಬ್ಯಾಂಕಿನ ಸಾಲಕ್ಕೆ ಪತ್ರವುಂಟು, ಕಂತುಂಟು. ತಂಗಿಯ ಸಾಲಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಆದುದರಿಂದಲೇ ಅದು ಎಲ್ಲಕ್ಕಿಂತ ಮೊದಲು ತೀರಬೇಕಾದ ಸಾಲವೆಂದು ನಾವು ಭಾವಿಸುತ್ತೇವೆ. ಅಂಬೇಡಕರರು ಪರದೇಶದಲ್ಲಿ ಓದುತ್ತಿದ್ದಾಗ ಮುಂಬಯಿಯಲ್ಲಿ ಬಡತನವನ್ನು ನುಂಗಿಕೊಂಡು ಸಂಸಾರ ನಡೆಸಿದವರು ರಮಾಬಾಯಿ. 1935ರಲ್ಲಿ ಆಕೆ ತೀರಿಕೊಂಡ ಬಳಿಕ ಅವರು ತಮ್ಮ ಗ್ರಂಥವೊಂದನ್ನು ಆಕೆಯ ಸ್ಮರಣೆಗೆ ಅರ್ಪಿಸಿದರು. ಆ ಮಹನೀಯರಿಗೆ ತಮ್ಮ ವಿದ್ಯೆಯ ಬೆಲೆಯನ್ನು ಯಾರು ತೆತ್ತರೆಂಬುದು ಗೊತ್ತಿತ್ತು.

ನಮ್ಮ ಪೂರ್ವಿಕರು ಮನುಷ್ಯನಿಗೆ ಹುಟ್ಟಿನಿಂದಲೇ ಬರುವ ಋಣಗಳಲ್ಲಿ ಋಷಿಋಣವನ್ನೂ ಎಣಿಸಿದರು. ವಿದ್ಯೆ ಕೊಟ್ಟವರ ಆ ಋಣವು ದ್ರವ್ಯದಿಂದ ತೀರುವುದಲ್ಲ. ಕಲಿತು, ಕಲಿತದ್ದನ್ನು ಮುಂದಿನವರಿಗೆ ದಾಟಿಸಿದರೆ ತೀರುವುದು. ಈ ಮಾತಿನಲ್ಲಿ ನಮ್ಮ ಪ್ರಶ್ನೆಗೆ ಸಮಾಧಾನವಿದೆಯೆಂದು ತೋರುತ್ತದೆ. ಹೋದವನು ಎಲ್ಲಿ ನೆಲೆಸುವನೆಂಬುದು ಅವನ ಇಷ್ಟ. ತಾನು ದಾಟಿದ ಬಾಗಿಲನ್ನು ಹಿಂದಿನವರಿಗೆ ತೆರೆದಿಡುವುದು ಮಾತ್ರ ಅವನ ಇಷ್ಟಕ್ಕೆ ಬಿಟ್ಟದ್ದಲ್ಲ. ಯಾವ ಅರ್ಜಿಯನ್ನು ಎಂದು ಹಾಕಬೇಕು, ಯಾವ ದಲ್ಲಾಳಿಯ ಮಾತನ್ನು ನಂಬಬಾರದು, ಎಷ್ಟು ಸಾಲ ಮಾಡಿದರೆ ಹೊಲ ಉಳಿದೀತು ಎಂಬುದನ್ನು ತನ್ನ ಊರಿನ ಮತ್ತೊಬ್ಬ ಹುಡುಗಿಗೆ, ಹುಡುಗನಿಗೆ ಕನ್ನಡದಲ್ಲಿ ಬರೆದು ತಿಳಿಸಲು ದೊಡ್ಡ ಸಂಬಳವೇನೂ ಬೇಡ.

ಊರಿನವರಾದ ನಮಗೂ ಕರ್ತವ್ಯವುಂಟು. ಹೋದವನು ಎಷ್ಟು ಕಳುಹಿಸಿದನೆಂದು ಕೇಳುವ ಬದಲು, ಮನೆಯಲ್ಲಿ ಉಳಿದವಳು ಎಲ್ಲಿಯವರೆಗೆ ಓದಿದಳೆಂದು ನಾವು ಕೇಳಲು ಕಲಿಯಬೇಕು. ಆ ಪ್ರಶ್ನೆಗೆ ತಲೆತಗ್ಗಿಸದೆ ಉತ್ತರ ಹೇಳಬಲ್ಲ ಮನೆಯಿಂದ ಯಾರೇ ಸಮುದ್ರವನ್ನು ದಾಟಲಿ, ಅವರನ್ನು ನಾವು ಮನಸಾರೆ ಹರಸಿ ಕಳುಹಿಸೋಣ.