ಅಗ್ಗದ ಅರಮನೆ

ಮನೆ ಬಿಟ್ಟು ಎರಡು ರಾತ್ರಿ ಹೊರಗೆ ತಂಗಬೇಕೆಂದರೆ ನಮ್ಮಂಥ ಮಧ್ಯಮ ವರ್ಗದ ಹೆಂಗಸರಿಗೆ ಮೊದಲು ನೆನಪಾಗುವುದು ನೋಡಬೇಕಾದ ಊರಲ್ಲ, ಅಲ್ಲಿಯ ಬಚ್ಚಲು. ಬಚ್ಚಲು ಶುಚಿಯಾಗಿದೆಯೆ, ಬಾಗಿಲಿಗೆ ಗಟ್ಟಿ ಚಿಲಕವಿದೆಯೆ, ಬೆಳಿಗ್ಗೆ ಬಿಸಿನೀರು ಬರುತ್ತದೆಯೆ? ಇಷ್ಟು ಸರಿಯಿದ್ದರೆ ಉಳಿದದ್ದು ದೇವರ ದಯೆ. ಎರಡನೆಯದು ಬಾಡಿಗೆ. ಅದು ಯಜಮಾನರ ಚಿಂತೆ ಎಂದು ಮೇಲ್ನೋಟಕ್ಕೆ ಕಂಡರೂ, ತಿಂಗಳ ಕೊನೆಯಲ್ಲಿ ಆ ಹಣ ಯಾವ ಡಬ್ಬಿಯಿಂದ ಖಾಲಿಯಾಯಿತೆಂದು ಲೆಕ್ಕ ಹಾಕುವವರು ನಾವೇ. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ‘ಆ ಹೋಟೆಲಿನ ಥೀಮ್ ಏನಮ್ಮಾ?’ ಎಂದು ಮಕ್ಕಳು ಕೇಳುತ್ತಾರೆ.

ಥೀಮ್ ಎಂದರೆ ಏನು ಮಹಾ? ಹೋಟೆಲೊಂದು ಹೋಟೆಲಿನಂತೆ ಕಾಣಿಸದೆ ಇನ್ನೇನೋ ಆಗಿ ಕಾಣಿಸುವುದು. ಕಾಡು, ಹಡಗು, ಹಳ್ಳಿಮನೆ, ಅರಮನೆ ಹೀಗೆ. ಬಿಡದಿಯಲ್ಲಿ 2005ರಲ್ಲಿ ಶುರುವಾದ ವಂಡರ್‌ಲಾದಂಥ ಕಡೆ ಇದಕ್ಕೆ ಯಾರ ತಕರಾರೂ ಇಲ್ಲ. ಅಲ್ಲಿ ಎಲ್ಲವೂ ಆಟ, ಅಲೆಯೂ ಆಟದ ಅಲೆ. ಆದರೆ ಹಂಪಿಯ ಮಾತು ಬೇರೆ. ಅಲ್ಲಿರುವುದು ನಿಜವಾದ ಕಲ್ಲು, ನಿಜವಾಗಿ ಹಾಳಾದ ಊರು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಅಂಥದ್ದರ ನೆರಳಿನಲ್ಲೇ, ಹೊಸಪೇಟೆಯ ಸುತ್ತಮುತ್ತ, ಸುಣ್ಣ ಸಿಮೆಂಟಿನ ಯಾಳಿಗಳನ್ನು ಬಾಗಿಲಿಗೆ ನಿಲ್ಲಿಸಿಕೊಂಡ ವಸತಿಗೃಹಗಳು ಎದ್ದಿವೆ. ರಾಜರಂತೆ ಇರಬೇಕೆನ್ನುವ ಶ್ರೀಮಂತರಿಗೆ ದೊಡ್ಡವು, ನಮ್ಮಂಥವರಿಗೆ ಚಿಕ್ಕವು.

ಅಂಥ ಚಿಕ್ಕದೊಂದರಲ್ಲಿ ನಾವು ಐವರು ಎರಡು ರಾತ್ರಿ ಇದ್ದೆವು. ದಿನಕ್ಕೆ 1,800 ರೂಪಾಯಿ, ಅದರಲ್ಲೇ ಬೆಳಗಿನ ತಿಂಡಿ. ಪ್ರತಿ ಕೋಣೆಗೂ ವಿಜಯನಗರದ ರಾಣಿಯರ ಹೆಸರು. ನಮ್ಮದು ಗಂಗಾದೇವಿ. ಹದಿನಾಲ್ಕನೆಯ ಶತಮಾನದಲ್ಲಿ ತನ್ನ ಗಂಡ ಕುಮಾರ ಕಂಪಣನ ಮಧುರೆಯ ದಂಡಯಾತ್ರೆಯ ಮೇಲೆ ಸಂಸ್ಕೃತದಲ್ಲಿ ಕಾವ್ಯ ಬರೆದವಳು ಆಕೆ. ‘ಯಾರಪ್ಪಾ ಈ ಗಂಗಾದೇವಿ?’ ಎಂದು ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದೆ. ‘ನೂರಾ ಮೂರು, ಮೇಡಂ’ ಎಂದ. ನಗು ಬಂತು, ಆದರೆ ಅವನನ್ನು ದೂರುವ ಮನಸ್ಸಾಗಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಅತ್ತೆಯವರು ಜಗಲಿಯ ಕಂಬವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ‘ಕಲ್ಲಲ್ಲ ಕಣೇ, ಟೊಳ್ಳು’ ಎಂದರು. ಮದುವೆಯಾದ ಹೊಸತರಲ್ಲಿ ಅವರು ಚೈತ್ರದ ವಿರೂಪಾಕ್ಷನ ತೇರಿಗೆ ಬಂದು ನಿಜವಾದ ಕಲ್ಲುಮಂಟಪದಲ್ಲೇ ಮಲಗಿದ್ದವರು. ಮೂರು ಕಲ್ಲು ಹೂಡಿ ಅನ್ನ ಬೇಯಿಸಿ, ಹೊಳೆಯಲ್ಲಿ ಮಿಂದು, ತೇರು ನೋಡಿ ಗಾಡಿ ಏರಿದ್ದರಂತೆ. ಬಾಡಿಗೆಯ ಮಾತೇ ಇರಲಿಲ್ಲ. ‘ಹಾಗಾದರೆ ಇದು ಮೋಸವಲ್ಲವೆ?’ ಎಂದರು ನನ್ನ ಯಜಮಾನರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ನಕಲು ಮಾಡುವುದೇ ಮೋಸವೆ? ಮರುದಿನ ವಿಠ್ಠಲನ ಗುಡಿಯ ಮುಂದೆ ನಿಂತಾಗ ಹಾಗನ್ನಿಸಲಿಲ್ಲ. ಐವತ್ತು ರೂಪಾಯಿ ನೋಟಿನ ಮೇಲಿರುವ ಆ ಕಲ್ಲಿನ ತೇರು ತಾನೇ ಒಂದು ನಕಲು. ಮರದ ತೇರನ್ನು ನೋಡಿ ಶಿಲ್ಪಿಗಳು ಕಟ್ಟಿದ ಗರುಡನ ಗುಡಿ ಅದು. ಒಂದೇ ಬಂಡೆಯಂತೆ ಕಾಣುತ್ತದೆ, ಆದರೆ ಹಲವು ಕಲ್ಲುಗಳ ಜೋಡಣೆ. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು. ಮೊದಲಿದ್ದ ಕುದುರೆಗಳ ಹಿಂಗಾಲಿನ ಗುರುತು ಹಿಂದೆ ಈಗಲೂ ಕಾಣುತ್ತದೆ. ಮೇಲಿದ್ದ ಇಟ್ಟಿಗೆಯ ಶಿಖರ ಈಗ ಇಲ್ಲ. ಇಷ್ಟೆಲ್ಲ ಇದ್ದೂ ಅದನ್ನು ನಾವು ಸುಳ್ಳು ಎನ್ನುವುದಿಲ್ಲ. ಮರವನ್ನು ಕಂಡು ಕಲ್ಲು ಕಡೆದವನು ಮರಗೆಲಸದವನ ಅನ್ನ ಕಸಿಯಲಿಲ್ಲ. ಮರದ ತೇರು ಇಂದಿಗೂ ವರ್ಷಕ್ಕೊಮ್ಮೆ ಬೀದಿಯಲ್ಲಿ ಸಾಗುತ್ತದೆ. ಹಾಗೆಯೇ ನಮ್ಮ ಹೋಟೆಲಿನ ಟೊಳ್ಳು ಕಂಬ. ಅದು ಕಲ್ಲಲ್ಲವೆಂದು ಕಟ್ಟಿದವನಿಗೂ ಗೊತ್ತು, ನಮಗೂ ಗೊತ್ತು. ಅದರಿಂದ ಯಾರಿಗೂ ನಷ್ಟವಿಲ್ಲ. ಮಕ್ಕಳು ಅದರ ಸುತ್ತ ಕಣ್ಣಾಮುಚ್ಚಾಲೆ ಆಡಿದರು, ಅಷ್ಟೆ.

ಆದರೆ ಅದೇ ಕೋಣೆಯ ಮಂಚದ ಮೇಲೊಂದು ಹೊದಿಕೆಯಿತ್ತು. ಕೆಂಪು ನೀಲಿ ಬಣ್ಣ, ಕನ್ನಡಿ ಬಿಲ್ಲೆ, ಸಾಲು ಸಾಲು ಹೊಲಿಗೆ. ದೂರದಿಂದ ಲಂಬಾಣಿ ಕಸೂತಿ. ಹತ್ತಿರ ಹೋಗಿ ಮುಟ್ಟಿದರೆ ಎಲ್ಲವೂ ಯಂತ್ರದ ಅಚ್ಚು. ಕನ್ನಡಿಯೂ ಬಣ್ಣದ ಚುಕ್ಕೆ. ಸಂಡೂರು ಅಲ್ಲಿಂದ ಗಂಟೆಯೊಳಗಿನ ದಾರಿ. ಅಲ್ಲಿಯ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರು ಕೈಯಿಂದಲೇ ಈ ಕಸೂತಿ ಹಾಕುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಕೈಯಲ್ಲಿ ಸೂಜಿ ಹಿಡಿದ ಯಾರಿಗೇ ಆದರೂ ಗೊತ್ತು, ಅಂಥದ್ದೊಂದು ಹೊದಿಕೆಗೆ ಎಷ್ಟು ಮಧ್ಯಾಹ್ನಗಳು ಬೇಕೆಂದು. ಕಂಬದ ನಕಲು ಯಾರ ಬಾಯಿಗೂ ಮಣ್ಣು ಹಾಕಲಿಲ್ಲ. ಹೊದಿಕೆಯ ನಕಲು ಹಾಗಲ್ಲ. ಕೈಯಿಂದ ಹೊಲಿಯುವವಳು ಇನ್ನೂ ಬದುಕಿದ್ದಾಳೆ, ಪಕ್ಕದ ತಾಲ್ಲೂಕಿನಲ್ಲೇ ಇದ್ದಾಳೆ, ಅವಳಿಗೆ ಬರಬೇಕಾದ ಕೆಲಸವನ್ನು ಅವಳದೇ ಚಿತ್ತಾರ ತೋರಿಸಿ ತಪ್ಪಿಸಿದ ಹಾಗಾಯಿತು. ಹಾಗಾದರೆ ಕೇಳಬೇಕಾದ ಪ್ರಶ್ನೆ, ಇದು ಅಸಲೋ ನಕಲೋ ಎಂದಲ್ಲ. ಇದು ಯಾರ ತಟ್ಟೆಯಿಂದ ಬಂತು ಎಂದು.

ತಟ್ಟೆ ಎಂದೆನಲ್ಲ, ಹಂಪಿಯಲ್ಲಿ ಭೋಜನಶಾಲೆಯೆಂದು ಕರೆಯುವ ಜಾಗವೊಂದಿದೆ. ನೀರಿನ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೊಂದು ಗುಳಿ, ಪಲ್ಯಕ್ಕೊಂದು, ಸಾರಿಗೊಂದು ಎನ್ನುವಂತೆ ಕೊರೆದದ್ದು. ಅಲ್ಲಿ ಬಂದವರೆಲ್ಲ ಯಾರು ಕೂತು ಉಂಡಿರಬಹುದೆಂದು ಮಾತಾಡಿಕೊಳ್ಳುತ್ತಾರೆ. ಅಷ್ಟು ಎಲೆಗೆ ಬಡಿಸಿದವರು, ಉಂಡ ಮೇಲೆ ಆ ಗುಳಿಗಳನ್ನು ತಿಕ್ಕಿ ತೊಳೆದವರು ಯಾರೆಂಬ ಮಾತು ಮಾತ್ರ ಬರುವುದಿಲ್ಲ. ಅಡುಗೆಮನೆ ಕಂಡ ಹೆಂಗಸಿಗೆ ಮೊದಲು ಹೊಳೆಯುವುದೇ ಅದು. ಥೀಮ್ ಹೋಟೆಲಿಗೂ ಹಾಗೆಯೇ ರಾಜ ಬೇಕು, ರಾಣಿ ಬೇಕು, ತೊಳೆದವಳು ಬೇಡ.

ನಮ್ಮ ಗಂಗಾದೇವಿಯನ್ನು ತೊಳೆದವಳು ಬಂದದ್ದು ಬೆಳಿಗ್ಗೆ ಹತ್ತಕ್ಕೆ. ನಲವತ್ತರ ಆಸುಪಾಸು. ಅತ್ತೆಯವರು ಕಾಲುನೋವೆಂದು ಕೋಣೆಯಲ್ಲೇ ಉಳಿದಿದ್ದರು, ಜೊತೆಗೆ ನಾನು. ‘ಯಾವೂರವ್ವ ನಿಂದು?’ ಎಂದರು ಅತ್ತೆ. ‘ಕಂಪ್ಲಿ ಹತ್ರ ಅಮ್ಮಾ, ಹೊಳಿ ದಂಡಿ ಊರು.’ ಮೊದಲು ಭತ್ತದ ನಾಟಿಗೆ ಹೋಗುತ್ತಿದ್ದಳಂತೆ. ಗಂಡ ಸಂಡೂರಿನ ಕಡೆ ಅದಿರಿನ ಲಾರಿಗೆ ಲೋಡಿಂಗ್ ಕೆಲಸದಲ್ಲಿದ್ದ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅವನ ಕೆಲಸವೂ ನಿಂತಿತು, ಮತ್ತೆ ಸಿಗಲಿಲ್ಲ. ಈಗ ಅವಳು ದಿನಕ್ಕೆ 14 ಕೋಣೆ ಗುಡಿಸಿ ಒರೆಸುತ್ತಾಳೆ. ತಿಂಗಳಿಗೆ 8,000. ವಾರದ ರಜೆಯಿಲ್ಲ, ಬಾರದ ದಿನಕ್ಕೆ ಕಡಿತ. ‘ನಾಟಿಗಿಂತ ಚಲೋ ಅಕ್ಕಾ, ನೆರಳಾಗ ಕೆಲ್ಸ’ ಎಂದಳು. ದೂರುವ ದನಿಯೇ ಇರಲಿಲ್ಲ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾವು ಒಂದು ದಿನಕ್ಕೆ ಕೊಟ್ಟ 1,800ರಲ್ಲಿ ಆ ಕೋಣೆಯನ್ನು ಕೋಣೆಯಾಗಿ ಇಟ್ಟವಳಿಗೆ ಸಿಕ್ಕಿದ್ದು ಇಪ್ಪತ್ತು ರೂಪಾಯಿಗೂ ಕಡಿಮೆ. ಅಗ್ಗ ಎಂದು ನಾವು ಖುಷಿಪಟ್ಟದ್ದು ಎಲ್ಲಿಂದ ಬಂತು? ಕರೆಂಟಿನವನು ಬಿಲ್ಲು ಕಡಿಮೆ ಮಾಡಲಿಲ್ಲ, ಸಿಮೆಂಟಿನವನು ರೇಟು ಇಳಿಸಲಿಲ್ಲ. ಇಳಿದದ್ದು ಕೇಳಲಾರದವಳ ಕೂಲಿ. ಅಗ್ಗ ಎಂಬುದು ಅನೇಕ ಸಲ ಬೇರೊಬ್ಬರು ನಮ್ಮ ಪರವಾಗಿ ಕಟ್ಟಿದ ಬಾಕಿ.

ಇದಕ್ಕೆ ಎದುರು ಮಾತುಗಳಿವೆ, ಅವೂ ಸುಳ್ಳಲ್ಲ. ಹೋಟೆಲೇ ಇಲ್ಲದಿದ್ದರೆ ಅವಳಿಗೆ ಆ 8,000ವೂ ಇಲ್ಲ. ಅತಿಥಿಯನ್ನು ನಂಬಿ ಬದುಕಿದವರಿಂದ ಅತಿಥಿಯನ್ನು ಕಿತ್ತುಕೊಂಡರೆ ಏನಾಗುತ್ತದೆಂದು ಹಂಪಿಗೆ ಗೊತ್ತು. ವಿರೂಪಾಕ್ಷನ ಮುಂದಿನ ಬಜಾರಿನ ಮಂಟಪಗಳಲ್ಲಿ ಕಂಬಗಳ ನಡುವೆ ಗೋಡೆ ಎತ್ತಿಕೊಂಡು ಸಂಸಾರ, ಅಂಗಡಿ ಹೂಡಿದ್ದವರನ್ನು 2011ರ ಜುಲೈಯಲ್ಲಿ ಎಬ್ಬಿಸಲಾಯಿತು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಹೊಳೆಯಾಚೆ ವಿರೂಪಾಪುರ ಗಡ್ಡೆಯ ವಸತಿಗಳು 2020ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನೆಲಸಮವಾದವು. ಸ್ಮಾರಕ ಉಳಿಯಬೇಕು, ಕಾನೂನು ನಡೆಯಬೇಕು, ಒಪ್ಪಿದೆ. ಆದರೆ ಹಳೆಯ ಕಲ್ಲಿನಲ್ಲಿ ಬದುಕಿದವರು ಅತಿಕ್ರಮಣದಾರರಾಗಿ, ಅದೇ ಕಲ್ಲಿನ ಸಿಮೆಂಟು ನಕಲಿನಲ್ಲಿ ಎರಡು ರಾತ್ರಿ ಮಲಗುವ ನಾವು ಪರಂಪರೆಯ ಅಭಿಮಾನಿಗಳಾಗುವುದು ವಿಚಿತ್ರವಲ್ಲವೆ? ಆದ್ದರಿಂದ ಅಂಥ ಹೋಟೆಲಿಗೆ ಹೋಗಲೇಬಾರದು ಎನ್ನುವುದು ಉತ್ತರವಲ್ಲ. ಅದರಿಂದ ನಮ್ಮ ಮನಸ್ಸು ಹಗುರಾದೀತು, ಅವಳ ಬುತ್ತಿಯೂ ಹಗುರಾದೀತು.

ಇನ್ನೊಂದು ಮಾತು ನಮ್ಮ ಮನೆಯೊಳಗಿನದು. ವರ್ಷವಿಡೀ ಹಾಸಿಗೆ ಮಡಿಚುವ ನಮಗೆ, ಇನ್ನೊಬ್ಬರು ಹಾಸಿಕೊಟ್ಟ ಹಾಸಿಗೆಯ ಮೇಲೆ ಎರಡು ದಿನ ಸುಮ್ಮನೆ ಕೂರುವ ಹಕ್ಕಿಲ್ಲವೆ? ಇದೆ. ಅದನ್ನು ಬಿಟ್ಟುಕೊಡಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಒಬ್ಬ ಹೆಂಗಸಿನ ಬಿಡುವು ಇನ್ನೊಬ್ಬ ಹೆಂಗಸಿನ ದುಡಿಮೆಯಿಂದಲೇ ಆಗುವುದಾದರೆ, ಆ ದುಡಿಮೆಗೆ ಬೆಲೆಯಿದೆಯೆ ಎಂದು ಕೇಳುವ ಹೊಣೆಯೂ ಬಿಡುವಿನ ಜೊತೆಗೇ ಬರುತ್ತದೆ. ನಮ್ಮ ಮನೆಗೆಲಸಕ್ಕೆ ಬೆಲೆಯಿಲ್ಲವೆಂದು ಕೊರಗುವವರು ನಾವು. ಈ ಲೆಕ್ಕ ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು?

ಹೊರಡುವಾಗ ದಿಂಬಿನ ಕೆಳಗೆ ನೂರು ರೂಪಾಯಿ ಇಡುವುದು ಒಳ್ಳೆಯದೇ, ಆದರೆ ಅದು ನಮ್ಮ ಇಷ್ಟದ ದಾನ. ಕೂಲಿ ಅವಳ ಹಕ್ಕು. ಕನಿಷ್ಠ ವೇತನಕ್ಕೆ ನಮ್ಮ ದೇಶದಲ್ಲಿ 1948ರಿಂದ ಕಾನೂನಿದೆ, ಹೋಟೆಲ್ ಕೆಲಸವೂ ಅದರೊಳಗೆ ಬರುತ್ತದೆ. ಬಿಸಿನೀರು ಬರುತ್ತದೆಯೆ ಎಂದು ಫೋನಿನಲ್ಲಿ ಹತ್ತು ಸಲ ವಿಚಾರಿಸುವ ನಾವು, ಕೆಲಸದವರಿಗೆ ವಾರದ ರಜೆ ಇದೆಯೆ, ಸರ್ಕಾರ ಹೇಳಿದ ಕೂಲಿ ಕೊಡುತ್ತೀರಾ ಎಂದು ಹನ್ನೊಂದನೆಯ ಪ್ರಶ್ನೆಯನ್ನೂ ಕೇಳಬಹುದು. ಒಬ್ಬರು ಕೇಳಿದರೆ ಮ್ಯಾನೇಜರು ನಕ್ಕಾರು. ನೂರು ಜನ ಕೇಳಿದರೆ ಲೆಕ್ಕದ ಪುಸ್ತಕ ತೆರೆದಾರು. ಬಾಡಿಗೆ ನೂರಿನ್ನೂರು ಹೆಚ್ಚಾದರೆ ಆ ವರ್ಷ ಒಂದು ಊರು ಕಡಿಮೆ ನೋಡಿದರಾಯಿತು. ನೋಡಿದ ಊರಿನಲ್ಲಿ ನಮಗಾಗಿ ದುಡಿದವಳಿಗೆ ಬಾಕಿ ಉಳಿಸಿ ಬಂದಂತಾಗುವುದಿಲ್ಲ.