ಮಳೆ ನಿಂತಾಗ ಪಾಪ ಯಾರದು?

ಮಳೆ ಕೈಕೊಟ್ಟ ವರ್ಷಗಳಲ್ಲಿ ನೀವೂ ಈ ಮಾತನ್ನು ಕೇಳಿರುತ್ತೀರಿ: ಎಲ್ಲವೂ ನಮ್ಮ ಪಾಪಗಳ ಫಲ. ಹೇಳುವವರ ಮನೆಯ ನಲ್ಲಿಯಲ್ಲಿ ಹೆಚ್ಚಾಗಿ ನೀರು ಬರುತ್ತಿರುತ್ತದೆ. ಮಾತೇನೋ ಸುಳ್ಳಲ್ಲ. ಪ್ರವಾದಿ ನೂಹ್(ಅ) ಮತ್ತು ಹೂದ್(ಅ) ತಮ್ಮ ಜನಾಂಗವನ್ನು ಪಾಪವಿಮೋಚನೆಯ ಕಡೆಗೆ ಕರೆದು, ಹಾಗೆ ಮಾಡಿದರೆ ಅಲ್ಲಾಹನು ಧಾರಾಳ ಮಳೆ ಕಳುಹಿಸುವನೆಂದು ಬೋಧಿಸಿದ್ದನ್ನು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಆದರೆ ಪಾಪ ಯಾರದು, ನಷ್ಟ ಯಾರಿಗೆ?

2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಕಲಬುರಗಿಯ ತೊಗರಿ ಬೆಳೆಗಾರ, ವಿಜಯಪುರದ ಬಿಳಿಜೋಳದ ರೈತ - ಕಾಲುವೆ ತಲುಪದ ಹೊಲದಲ್ಲಿ ಇವರ ಬಂಡವಾಳವೆಂದರೆ ಕರಿಮಣ್ಣು ಹಿಡಿದಿಟ್ಟ ತೇವ ಮಾತ್ರ. ಮೃಗಶಿರ ತಪ್ಪಿದರೆ ಹೆಸರು, ಉದ್ದು ಹೋಯಿತು; ಹಸ್ತ, ಚಿತ್ತ ತಪ್ಪಿದರೆ ಹಿಂಗಾರಿ ಜೋಳ. ಈಗೀಗ ಇನ್ನೊಂದು ಸಂಕಟ. ತಿಂಗಳ ಮಳೆಯೆಲ್ಲ ಎರಡೇ ದಿನದಲ್ಲಿ ಸುರಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ವರ್ಷದ ಸರಾಸರಿ ಮಾತ್ರ ಕಾಗದದಲ್ಲಿ ಸರಿಯಾಗಿಯೇ ಕಾಣುತ್ತದೆ! ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಿಂದ ಭೂಮಿ ಕಾಯುತ್ತಿರುವುದು ಇದಕ್ಕೊಂದು ಕಾರಣ. ಆ ಹೊಗೆಯಲ್ಲಿ ಎತ್ತು ಹೂಡಿ ಉಳುವವನ ಪಾಲೆಷ್ಟು?

ಜನರು ಝಕಾತನ್ನು ತಡೆಹಿಡಿದಾಗ ಮಳೆ ತಡೆಹಿಡಿಯಲ್ಪಡುತ್ತದೆ, ಜಾನುವಾರುಗಳಿಲ್ಲದಿದ್ದರೆ ಅವರಿಗೆ ಮಳೆಯೇ ಸಿಗುತ್ತಿರಲಿಲ್ಲ ಎಂಬ ಆಶಯದ ಹದೀಸ್ ಇಬ್ನುಮಾಜದಲ್ಲಿದೆ. ಗಮನಿಸಿರಿ, ಅಲ್ಲಿ ಹೆಸರಿಸಲಾದ ಪಾಪವು ಉಳ್ಳವನ ಪಾಪ. ಐದು ವಸ್ಕ್, ಅಂದರೆ ಸುಮಾರು 650 ಕಿಲೋ ಧಾನ್ಯವನ್ನೂ ಕಾಣದ ರೈತನ ಮೇಲೆ ಬಹುಪಾಲು ವಿದ್ವಾಂಸರ ಪ್ರಕಾರ ಬೆಳೆಯ ಝಕಾತೇ ಇಲ್ಲ. (ಇಮಾಮ್ ಅಬೂಹನೀಫರ ಅಭಿಪ್ರಾಯ ಬೇರೆ.) ಅವನು ತಡೆಹಿಡಿಯುವುದಾದರೂ ಏನನ್ನು? ತೊಗರಿಯನ್ನು ಗೋದಾಮಿನಲ್ಲಿಟ್ಟು ಬೆಲೆಯೇರಿಕೆಗೆ ಕಾಯುವವನ ಲೆಕ್ಕ ಬೇರೆಯೇ. ಹಾಗೆ ದಾಸ್ತಾನು ಮಾಡುವವನನ್ನು ಪ್ರವಾದಿವರ್ಯರು(ಸ) ಪಾಪಿಯೆಂದೇ ಕರೆದಿದ್ದಾರೆ. ಹೀಗಿರುವಾಗ ಒಣಗಿದ ಹೊಲದ ಬದುವಿನಲ್ಲಿ ನಿಂತವನಿಗೆ ನಾವು ತೌಬಾದ ಉಪದೇಶ ಮಾಡುವುದು ನನಗಂತೂ ನಾಚಿಕೆಗೇಡಿನ ಸಂಗತಿಯಾಗಿ ಕಾಣುತ್ತದೆ. ಅವನಿಗಿದು ಪರೀಕ್ಷೆಯಿರಬಹುದು. ನಮಗೂ ಪರೀಕ್ಷೆಯೇ.

ಹಿಜರಿ 18ರಲ್ಲಿ ಹಿಜಾಝಿನಲ್ಲಿ ಭೀಕರ ಬರ ಬಂತು. ಇತಿಹಾಸದಲ್ಲಿ ಅದಕ್ಕೆ ಬೂದಿಯ ವರ್ಷವೆಂದೇ ಹೆಸರು. ಖಲೀಫಾ ಉಮರ್(ರ) ತುಪ್ಪ, ಮಾಂಸಗಳನ್ನು ತ್ಯಜಿಸಿದರು, ಶಾಮ್‌ನಿಂದ ಧಾನ್ಯ ತರಿಸಿದರು, ಆ ವರ್ಷದ ಝಕಾತ್ ವಸೂಲಿಯನ್ನು ಮುಂದೂಡಿದರು, ಹಸಿದವನ ಕಳ್ಳತನಕ್ಕೆ ಕೈ ಕಡಿಯುವ ಶಿಕ್ಷೆಯನ್ನು ತಡೆದರು. ತನ್ನ ಕೈಯಲ್ಲಿ ಈ ಸಮುದಾಯ ನಾಶವಾಗದಿರಲಿ ಎಂದು ರಾತ್ರಿ ಪ್ರಾರ್ಥಿಸುತ್ತಿದ್ದರೆಂದು ವರದಿಯಾಗಿದೆ. ಬೆರಳು ತೋರಿಸಿದ್ದು ತಮ್ಮ ಕಡೆಗೇ. ಬಳಿಕ ಪ್ರವಾದಿವರ್ಯರ(ಸ) ಚಿಕ್ಕಪ್ಪ ಅಬ್ಬಾಸ್(ರ)ರನ್ನು ಮುಂದಿಟ್ಟುಕೊಂಡು ಮಳೆಗಾಗಿ ಬೇಡಿದರು.

ಇಸ್ತಿಸ್ಕಾ ನಮಾಝಿಗೆ ಹೊರಡುವ ಮುನ್ನ ದಾನ ಕೊಡಬೇಕು, ಅನ್ಯಾಯವಾಗಿ ಪಡೆದುದನ್ನು ಮರಳಿಸಬೇಕು ಎಂದು ಕರ್ಮಶಾಸ್ತ್ರದ ಗ್ರಂಥಗಳು ಹೇಳುತ್ತವೆ. ನಾವು ಮೈದಾನಕ್ಕೆ ಹೋಗುತ್ತೇವೆ, ಈ ಭಾಗವನ್ನು ಬಿಟ್ಟುಬಿಡುತ್ತೇವೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರನೂ ಒಬ್ಬ. ನಿಮ್ಮ ಜಮಾಅತ್‌ನ ಪಟ್ಟಿಯಲ್ಲಿ ಬೀಜ, ಗೊಬ್ಬರದ ಸಾಲದಲ್ಲಿ ಮುಳುಗಿದ ಒಣಬೇಸಾಯದ ರೈತನ ಹೆಸರು ಎಂದಾದರೂ ಬಂದಿದೆಯೇ? ರಮಝಾನ್ ಬರಲಿ ಎನ್ನುತ್ತೀರಾ? ಬಿತ್ತನೆಯ ಸಾಲ ಜೂನ್‌ನಲ್ಲೇ ಹುಟ್ಟಿರುತ್ತದೆ. ಝಕಾತನ್ನು ಅವಧಿಗೆ ಮುನ್ನವೇ ಕೊಡಬಹುದೇ ಎಂದು ಒಬ್ಬರು ಪ್ರವಾದಿವರ್ಯರನ್ನು(ಸ) ಕೇಳಿ ಅನುಮತಿ ಪಡೆದಿದ್ದರು. ಕೇಳಿದವರು ಅದೇ ಅಬ್ಬಾಸ್(ರ).